ಜಪಾನಿನ ಏಳಿಗೆ ಪವಾಡವೂ ಅಲ್ಲ, ಭಿಕ್ಷೆಯೂ ಅಲ್ಲ

ಎರಡನೇ ಮಹಾಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ಜಪಾನ್ 1968ರಲ್ಲಿ ಪಶ್ಚಿಮ ಜರ್ಮನಿಯನ್ನೂ ಹಿಂದಿಕ್ಕಿ, ಬಂಡವಾಳಶಾಹಿ ದೇಶಗಳ ಪೈಕಿ ಅಮೆರಿಕದ ನಂತರದ ಸ್ಥಾನಕ್ಕೇರಿತು. ನಮ್ಮಲ್ಲಿ ಅಭಿವೃದ್ಧಿಯ ಚರ್ಚೆ ಎದ್ದಾಗಲೆಲ್ಲ ಈ ಉದಾಹರಣೆ ಬರುತ್ತದೆ. ಆದರೆ ಅದರಿಂದ ತೆಗೆಯುವ ಪಾಠಗಳು ತಪ್ಪು. ಮುಖ್ಯವಾದ ನಾಲ್ಕು ವಾದಗಳಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಒಂದು: "ಎಲ್ಲವೂ ಅಮೆರಿಕದ ಕೃಪೆ."

ಇದು ಅರ್ಧ ಸತ್ಯ. 1950ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಟೊಯೊಟಾ ಕಂಪನಿಗೆ ಜೀವ ಬಂದದ್ದು ಕೊರಿಯಾ ಯುದ್ಧಕ್ಕೆಂದು ಅಮೆರಿಕದ ಸೇನೆ ಕೊಟ್ಟ ಲಾರಿಗಳ ಆರ್ಡರಿನಿಂದ. ಅಮೆರಿಕದ ಮಾರುಕಟ್ಟೆಯೂ ತೆರೆದಿತ್ತು. ಆದರೆ ಆ ಯುದ್ಧ 1953ರಲ್ಲೇ ನಿಂತಿತು. ಏಳಿಗೆ 1973ರವರೆಗೂ ಸಾಗಿತು. ಸರಕಿನ ಬಹುಪಾಲನ್ನು ಕೊಂಡವರು ಜಪಾನಿನ ಜನರೇ. ಟಿವಿ, ವಾಷಿಂಗ್ ಮಷಿನ್, ಫ್ರಿಜ್ ಈ ಮೂರಕ್ಕೆ ಅವರು ತಮ್ಮ ರಾಜಮನೆತನದ ಮೂರು ಪವಿತ್ರ ನಿಧಿಗಳ ಹೆಸರನ್ನೇ ಇಟ್ಟುಕೊಂಡಿದ್ದರು.

ಎರಡು: "ಜಪಾನಿನ ಕಾರ್ಮಿಕರು ತುಟಿಪಿಟಕ್ಕೆನ್ನದೆ ದುಡಿದರು."

ಅದೇ 1950ರಲ್ಲಿ ಟೊಯೊಟಾದಲ್ಲೇ ಮುಷ್ಕರ ನಡೆದು, ಸಂಸ್ಥಾಪಕ ಕಿಯಿಚಿರೊ ಟೊಯೊಡ ರಾಜೀನಾಮೆ ಕೊಟ್ಟರು. 1955ರಿಂದ ಕಾರ್ಮಿಕ ಸಂಘಗಳು ಪ್ರತಿ ವಸಂತದಲ್ಲೂ ಒಟ್ಟಾಗಿ ಕೂಲಿ ಹೆಚ್ಚಳ ಕೇಳಿದವು. 1960ರಲ್ಲಿ ಮಿಯಿಕೆ ಕಲ್ಲಿದ್ದಲ ಗಣಿಯ ಹೋರಾಟ ತಿಂಗಳುಗಟ್ಟಲೆ ನಡೆಯಿತು. ಈಶಾನ್ಯದ ಹಳ್ಳಿಗಳಿಂದ ವಿಶೇಷ ರೈಲು ಹತ್ತಿ ಟೋಕಿಯೊದ ಉಯೆನೊ ನಿಲ್ದಾಣಕ್ಕೆ ಬಂದಿಳಿದ ಹದಿನೈದರ ಹುಡುಗ ಹುಡುಗಿಯರನ್ನು 'ಚಿನ್ನದ ಮೊಟ್ಟೆ' ಎಂದು ಕರೆದರು. ದುಡಿಯುವ ಕೈಗಳಿಗೆ ಅಷ್ಟು ಬೇಡಿಕೆ ಇತ್ತು. ಕೂಲಿ ಏರಿದ್ದು ಆ ಬೇಡಿಕೆಯಿಂದ ಮತ್ತು ಹೋರಾಟದಿಂದ, ಮಾಲೀಕರ ಔದಾರ್ಯದಿಂದಲ್ಲ.

ಮೂರು: "ಮೊದಲು ಅಡುಗೆಯಾಗಲಿ, ಆಮೇಲೆ ಬಡಿಸೋಣ."

ಜಪಾನ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ನಮ್ಮ ಕರ್ನಾಟಕದಲ್ಲಿ 'ಉಳುವವನೇ ಹೊಲದೊಡೆಯ' ಎಂಬುದು 1974ರಲ್ಲಿ ಜಾರಿಗೆ ಬಂತು. ಅಲ್ಲಿ ಆ ಕೆಲಸ 1940ರ ದಶಕದ ಕೊನೆಯಲ್ಲೇ, ಅಂದರೆ ಏಳಿಗೆಗೂ ಮೊದಲೇ ಮುಗಿದಿತ್ತು. ಸಾಗುವಳಿ ಭೂಮಿಯಲ್ಲಿ ಅರ್ಧದ ಹತ್ತಿರವಿದ್ದ ಗೇಣಿ ಜಮೀನು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಪ್ರಧಾನಿ ಹಯಾತೊ ಇಕೆಡ ಹತ್ತು ವರ್ಷದಲ್ಲಿ ವರಮಾನ ದುಪ್ಪಟ್ಟು ಮಾಡುವ ಯೋಜನೆ ತಂದದ್ದು 1960ರಲ್ಲಿ. ಮರುವರ್ಷವೇ ಆರೋಗ್ಯ ವಿಮೆ ಎಲ್ಲರಿಗೂ ಸಿಕ್ಕಿತು. ಬುಲೆಟ್ ರೈಲು ಓಡಿದ್ದು ಅದಾದ ಮೇಲೆ, 1964ರಲ್ಲಿ.

ನಾಲ್ಕು: "ಅಭಿವೃದ್ಧಿ ಬೇಕಾದರೆ ಹೊಗೆ, ವಿಷ ಸಹಿಸಲೇಬೇಕು."

ಈ ವಾದಕ್ಕೆ ಜಪಾನಿನ ಕಡಲತೀರದ ಊರಾದ ಮಿನಮಾಟವೇ ಉತ್ತರ. ಅಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿತು, ಮೀನಿನಿಂದ ಬೆಸ್ತರ ಊಟಕ್ಕೆ ಬಂತು. ಕೈಕಾಲು ಸ್ವಾಧೀನ ತಪ್ಪುವ ರೋಗ 1956ರಲ್ಲಿ ವರದಿಯಾಯಿತು. 1959ರಲ್ಲಿ ಕಂಪನಿಯ ವೈದ್ಯರೇ ಕಾರ್ಖಾನೆಯ ಕೊಳಚೆ ಬೆರೆಸಿದ ಆಹಾರವನ್ನು ಬೆಕ್ಕೊಂದಕ್ಕೆ ತಿನ್ನಿಸಿ ನೋಡಿದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಆ ಒಂಬತ್ತು ವರ್ಷಗಳ ವಿಷ ಅಭಿವೃದ್ಧಿಯ ಬೆಲೆಯಲ್ಲ, ಸುಳ್ಳಿನ ಬೆಲೆ. ಜನ ಎದ್ದು ನಿಂತ ಮೇಲೆ 1970ರಲ್ಲಿ ಸಂಸತ್ತು ಮಾಲಿನ್ಯದ ಬಗ್ಗೆ ಒಂದೇ ಅಧಿವೇಶನದಲ್ಲಿ 14 ಕಾನೂನುಗಳನ್ನು ಮಾಡಿತು. ಅವುಗಳಿಂದ ಜಪಾನಿನ ಕೈಗಾರಿಕೆಯೇನೂ ಮುಳುಗಲಿಲ್ಲ.

ಜಪಾನನ್ನು ಮಾದರಿ ಎನ್ನುವವರಲ್ಲಿ ನನ್ನ ವಿನಂತಿ ಇಷ್ಟೇ: ಬುಲೆಟ್ ರೈಲಿನ ವೇಗವನ್ನು ಹೇಳುವಾಗ ಗೇಣಿದಾರನಿಗೆ ಸಿಕ್ಕ ಹೊಲವನ್ನೂ ಮಿನಮಾಟದ ಬೆಸ್ತರನ್ನೂ ಮರೆಯದೆ ಹೇಳಿ.