ಅರಸು ಹೋದ ಮೇಲಿನ ಕೊಡಗು

1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡ ಕತೆ ಕನ್ನಡಿಗರ ಮನಸ್ಸಿನಲ್ಲಿ ನಿಂತಿರುವುದು ಬಹುಪಾಲು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಿಂದ. ದೊಡ್ಡ ಕಾದಂಬರಿ, ಸಂಶಯವಿಲ್ಲ. ಆದರೆ ಅಲ್ಲಿ ನಾಡು ಕೈತಪ್ಪುವುದು ರಾಜ, ಅವನ ಆಪ್ತ ಕುಂಟ ಬಸವ, ಮಂತ್ರಿ ಬೋಪಣ್ಣ ಇವರ ನಡುವಿನ ಒಳಬೇಗುದಿಯಲ್ಲಿ. ಅರಸು ಹೋದ ಮೇಲೆ ಗದ್ದೆಯಲ್ಲಿ ಏನಾಯಿತೆಂದು ಕೇಳಿದವರು ನಿರಂಜನ. ಅವರ ‘ಕಲ್ಯಾಣಸ್ವಾಮಿ’ 1837ರ ರೈತ ದಂಗೆಯ ಕಾದಂಬರಿ.

ದುಡಿಯುವವರ ಕಡೆಯಿಂದ ಚರಿತ್ರೆ ಹೇಳಹೊರಟ ಕಾದಂಬರಿಕಾರ ಕಾರಣಗಳನ್ನೇ ಬೇರೆ ಜಾಗದಲ್ಲಿ ಹುಡುಕಬೇಕಾಗುತ್ತದೆ. ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕೊಡಗಿನಿಂದ ಬೇರ್ಪಡಿಸಿ ಕೆನರಾಕ್ಕೆ ಸೇರಿಸಿತು. ರಾಜರ ಕಾಲದಲ್ಲಿ ಫಸಲಿನ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಬೇಕಾಯಿತು. ದಫ್ತರದಲ್ಲಿ ಇದು ಒಂದು ಸಾಲಿನ ಮಾತು. ರೈತನ ಅಂಗಳದಲ್ಲಿ ನಿಂತು ನೋಡಿ. ಕೊಯ್ಲು ಮುಗಿದು ಎಲ್ಲರ ಭತ್ತವೂ ಒಟ್ಟಿಗೆ ಮಾರಾಟಕ್ಕೆ ಬಂದಾಗ ದರ ಕುಸಿಯುತ್ತದೆ. ಕಂದಾಯ ಕಾಯುವುದಿಲ್ಲ. ಸಿಕ್ಕಿದ ಬೆಲೆಗೆ ಮಾರಿ, ಸಾಲದೆ ಬಂದದ್ದಕ್ಕೆ ಸಾಹುಕಾರನ ಮುಂದೆ ಕೈಯೊಡ್ಡಿ, ಮಳೆಗಾಲದಲ್ಲಿ ಉಣ್ಣಲು ಅದೇ ಭತ್ತವನ್ನು ದುಬಾರಿಗೆ ಕೊಳ್ಳಬೇಕು. ಈ ಲೆಕ್ಕವನ್ನು ಒಂದು ಮನೆಯ ಸಂಕಟವಾಗಿ ತೋರಿಸಬಲ್ಲದ್ದು ಕಾದಂಬರಿ. ದಾಖಲೆ ಉಳಿದಿರುವುದು ಗೆದ್ದವರ ಕೈಯಲ್ಲಿ: ದಂಗೆಯಲ್ಲಿ ನಿಷ್ಠೆ ತೋರಿದ ಕೊಡಗರಿಗೆ ಕಂಪನಿ ಪದಕಗಳನ್ನೇ ಹೊಯ್ಯಿಸಿ ಕೊಟ್ಟಿತು, ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿತು.

ಈಗ ಈ ದಂಗೆಯನ್ನು 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಸ್ವಾತಂತ್ರ್ಯ ಸಂಗ್ರಾಮವೆಂದು ಕೊಂಡಾಡುತ್ತೇವೆ. ಆ ಹೆಮ್ಮೆ ನನ್ನದೂ ಹೌದು. ಆದರೂ ಇಂದಿನ ದೇಶಭಕ್ತಿಯ ಮಾತನ್ನು ಅಂದಿನ ರೈತನ ಬಾಯಿಗೆ ತುರುಕಿದರೆ ಅವನನ್ನು ಎರಡನೆಯ ಸಲ ಮೂಕನಾಗಿಸಿದಂತೆ. ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ಮಂಗಳೂರಿನವರೆಗೆ ನಡೆದು ಊರನ್ನು ಕೆಲವು ದಿನ ಹಿಡಿದಿಟ್ಟವರು ತಮ್ಮ ಮುಂದೆ ನಿಲ್ಲಿಸಿಕೊಂಡದ್ದು ಕೊಡಗನ್ನು ಆಳಿದ್ದ ಹಾಲೇರಿ ವಂಶದ ಹೆಸರನ್ನು. ಪುಟ್ಟಬಸಪ್ಪನೆಂಬ ರೈತನೇ ಆ ವಂಶದವನೆಂದು ಹೇಳಿಕೊಂಡು ಕಲ್ಯಾಣಸ್ವಾಮಿಯಾದ, ಆ ಹೆಸರಿನಲ್ಲೇ ನೇಣಿಗೆ ಹೋದ. ಅವರಿಗೆ ಬೇಕಿದ್ದದ್ದು ಹೊರೆ ಇಳಿಸುವ ಒಬ್ಬ ದೊರೆ. ನಿರಂಜನರದೇ ‘ಚಿರಸ್ಮರಣೆ’ಯ ಕಯ್ಯೂರಿನ ರೈತರಿಗೆ 1941ರ ಹೊತ್ತಿಗೆ ಕಿಸಾನ್ ಸಂಘವಿತ್ತು, ಸಂಘದ ಭಾಷೆಯಿತ್ತು. 1837ರವರಿಗೆ ಇದ್ದದ್ದು ರಾಜನ ಹೆಸರೊಂದೇ. ರೈತನೊಬ್ಬ ಅರಸನ ವೇಷ ತೊಟ್ಟು ರೈತರ ನೋವನ್ನು ಹೊತ್ತ ಈ ತೊಡಕೇ ಚಾರಿತ್ರಿಕ ಕಾದಂಬರಿಯ ನಿಜವಾದ ವಸ್ತು. ಅದನ್ನು ಬಿಡಿಸಿ ನೇರ ಮಾಡಿದರೆ ಉಳಿಯುವುದು ಭಾಷಣ.

ಇನ್ನೂ ಕೆಳಗಿನ ಮೆಟ್ಟಿಲೊಂದಿದೆ. ಕೊಡಗಿನ ಗದ್ದೆಗಳನ್ನು ಉತ್ತು ನಾಟಿ ಮಾಡಿದ ಯರವರು ಜಮೀನಿನ ಜೊತೆಗೇ ಕೈಬದಲಾಗುತ್ತಿದ್ದ ಆಳುಗಳು. ಕಂದಾಯ ಫಸಲಾಗಿ ಹೋದರೂ ನಾಣ್ಯವಾಗಿ ಹೋದರೂ ಅವರ ಪಾಲಿನ ಕೂಲಿಭತ್ತ ಹೆಚ್ಚುತ್ತಿರಲಿಲ್ಲ. ಅರಸನೂ ಒಡೆಯನೇ, ಕಂಪನಿಯೂ ಒಡೆಯನೇ, ದಂಗೆಯೆದ್ದ ರೈತನೂ ಒಡೆಯನೇ ಆಗಿ ಕಾಣುವ ಆ ಕಣ್ಣಿನಿಂದ 1837ನ್ನು ಬರೆಯಬೇಕಾಗಿದೆ.