ಸತ್ತವನು ಹೆಸರು ಹೇಳುವುದಿಲ್ಲ
ಸಿದ್ದರಬೆಟ್ಟಕ್ಕೆ ಹೊರಟಿದ್ದ ಯುವಕರಿಬ್ಬರು ಈ ವಾರ ಕೊರಟಗೆರೆಯ ಹೋಟೆಲೊಂದರಲ್ಲಿ, ಗಾಂಜಾ ಮಾರುವವರನ್ನು ಕಂಡಲ್ಲೇ ಗುಂಡಿಕ್ಕಬೇಕು ಎನ್ನುತ್ತಿದ್ದರು. ಮಕ್ಕಳು ಹಾಳಾಗುತ್ತಿರುವ ಸಂಕಟ ನನಗೂ ಇದೆ. ಆದರೆ ಗುಂಡಿಕ್ಕುವವರು ಯಾರು? 2022ರ ಜನವರಿಯಲ್ಲಿ ಬೆಂಗಳೂರಿನ ಆರ್.ಟಿ. ನಗರದಲ್ಲಿ ಗಾಂಜಾ ಮಾರಾಟದ ಆರೋಪದಲ್ಲಿ ಬಂಧಿತರಾದ ಇಬ್ಬರು ಕಾನ್‌ಸ್ಟೆಬಲ್‌ಗಳು ಅಂದಿನ ಮುಖ್ಯಮಂತ್ರಿಯ ಮನೆಯ ಕಾವಲಿಗಿದ್ದವರು! ಗಾಂಜಾ ಪೂರೈಸಿದವನನ್ನು ಕೊಂದುಬಿಟ್ಟರೆ ಖಾಕಿಯೊಳಗಿನ ಪಾಲುದಾರರ ಹೆಸರು ಹೇಳುವವರಾರು? ಫಿಲಿಪೀನ್ಸ್‌ನಲ್ಲಿ ಅಧ್ಯಕ್ಷರಾಗಿದ್ದ ಡುಟೆರ್ಟೆ ಇದೇ ದಾರಿ ಹಿಡಿದರು. ಸರ್ಕಾರಿ ಲೆಕ್ಕದಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ 2017ರಲ್ಲಿ 17 ವರ್ಷದ ವಿದ್ಯಾರ್ಥಿಯೊಬ್ಬನನ್ನು ಕೊಂದ ಪೊಲೀಸರು, ಅವನೇ ಮೊದಲು ಗುಂಡು ಹಾರಿಸಿದ ಎಂದರು. ನಿರಾಯುಧನನ್ನು ಎಳೆದೊಯ್ದದ್ದು ಸಿಸಿಟಿವಿಯಲ್ಲಿ ದಾಖಲಾಗಿತ್ತು. ಮೂವರು ಪೊಲೀಸರಿಗೆ ಕೊಲೆಗಾಗಿ ಶಿಕ್ಷೆಯಾಯಿತು. ಕ್ಯಾಮೆರಾ ಇಲ್ಲದ ಓಣಿಗಳಲ್ಲಿ ಸತ್ತವರ ಗತಿಯೇನು? ಗುಂಡಿನಿಂದ ಯಾವುದೂ ಮುಗಿಯುವುದಿಲ್ಲ ಎಂಬುದನ್ನು ಪಾವಗಡದವರಿಗೆ ಹೇಳಬೇಕಿಲ್ಲ: 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆದ ಕೆಲವೇ ದಿನಗಳಲ್ಲಿ ಅಲ್ಲಿನ ವೆಂಕಟಮ್ಮನಹಳ್ಳಿಯ ಶಿಬಿರದಲ್ಲಿದ್ದ ಬಡ ಪೊಲೀಸರು ನಕ್ಸಲರ ದಾಳಿಗೆ ಬಲಿಯಾದರು. ಎನ್‌ಕೌಂಟರ್ ಸಾವಿಗೆ ಎಫ್‌ಐಆರ್, ಸ್ವತಂತ್ರ ತನಿಖೆ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಗುಂಡಿಗೆ ಚಪ್ಪಾಳೆ ತಟ್ಟಬೇಡಿ. ಆರೋಪಿಯನ್ನು ಜೀವಂತವಾಗಿ ಕೋರ್ಟಿಗೆ ತಂದು, ಅವನ ಹಿಂದಿರುವವರನ್ನೂ ಕಟಕಟೆಗೆ ಹತ್ತಿಸಿ ಎಂದು ಕೇಳಿ.