ನೆದರ್ಲ್ಯಾಂಡ್ಸ್ ನರ್ಸ್ ಡೈರಿ - 14: ಕೆಂಪು ಮುಚ್ಚಳವೋ, ಕಿತ್ತಳೆ ಮುಚ್ಚಳವೋ?

ಹೋದ ಸಲ ಇಲ್ಲಿನ ಮಳೆ, ಸೈಕಲ್ಲು ಅಂತ ಬರೆದು ನಗಿಸಿದ್ದೆ. ಇವತ್ತು ಸ್ವಲ್ಪ ಗಂಭೀರ ವಿಷಯ. ಮನೆಯಲ್ಲಿ ಇನ್ಸುಲಿನ್ ತಗೊಳ್ಳೋರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ದೊಡ್ಡಮ್ಮನಿಗೆ ಆಗಿದ್ದು ನಮ್ಮ ಮನೆಯವರಿಗೆ ಗೊತ್ತು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಒಂದು ಸಲ ಮೆಡಿಕಲ್ ಶಾಪಿನಲ್ಲಿ ಕೆಂಪು ಮುಚ್ಚಳದ ಸಿರಿಂಜು ಇಲ್ಲ ಅಂತ ಕಿತ್ತಳೆ ಮುಚ್ಚಳದ್ದು ಕೊಟ್ಟರು. ನೋಡೋಕೆ ಎರಡೂ ಒಂದೇ ಥರ. ಶುಗರ್ ಏರುತ್ತಾ ಹೋಯಿತು. ಡಾಕ್ಟರು ಡೋಸ್ 30ಕ್ಕೆ ಏರಿಸಿದರು. ಮುಂದಿನ ತಿಂಗಳು ಮತ್ತೆ ಕೆಂಪು ಮುಚ್ಚಳ ಬಂತು. ಮೂರನೇ ದಿನ ಅಡುಗೆಮನೆಯಲ್ಲೇ ಮೈಯೆಲ್ಲಾ ಬೆವರು, ನಡುಕ, ತೊದಲು ಮಾತು. ಎಚ್ಚರ ಇದ್ದಾಗಲೇ ಅತ್ತಿಗೆ ಸಕ್ಕರೆ ನೀರು ಕುಡಿಸಿದ್ದರಿಂದ ಬಚಾವಾದರು.

ಆಗಿದ್ದಿಷ್ಟೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನ 20ರ ಗೆರೆವರೆಗೆ ಎಳೆದರೆ ಸಿಗೋದು ಬರೀ 8 ಯೂನಿಟ್. 30ರ ಗೆರೆಗೆ 12. ಹಾಗಾಗಿ ದೊಡ್ಡಮ್ಮ ಒಂದೇ ದಿನದಲ್ಲಿ 12ರಿಂದ 30ಕ್ಕೆ ಹಾರಿದ್ದರು. ಇದರ ಉಲ್ಟಾ ಇನ್ನೂ ಅಪಾಯ. 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗೋದು 50 ಯೂನಿಟ್!

ಇಲ್ಲಿ ಮನುಷ್ಯರಿಗೆ 40ರ ಇನ್ಸುಲಿನ್ ಇಲ್ಲ. ಅದನ್ನು ನೋಡಬೇಕೆಂದರೆ ನಾಯಿ, ಬೆಕ್ಕಿನ ಡಾಕ್ಟರ ಹತ್ತಿರ ಹೋಗಬೇಕು. ಇಂಜೆಕ್ಷನ್ ಕೊಡೋದಕ್ಕೂ 1993ರ ಕಾನೂನಿನ ಕಟ್ಟುಪಾಡಿದೆ. ನನ್ನ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಅದಕ್ಕೆ ಆ ಅವಧಿಯಲ್ಲಿ 2080 ಗಂಟೆ ಕೆಲಸ ಮಾಡಿರಬೇಕು, ಇಲ್ಲದಿದ್ದರೆ ಮತ್ತೆ ಕಲಿತು ಬರಬೇಕು. ಇಷ್ಟಾದರೂ ಇನ್ಸುಲಿನ್ ಕೊಡುವ ಮುಂಚೆ ಇನ್ನೊಬ್ಬರು ನೋಡುತ್ತಾರೆ. ರೋಗಿಯ ಮನೆಗೆ ಒಬ್ಬಳೇ ಹೋದರೆ, ಫೋಟೊ ಕಳಿಸಿ ಜೊತೆಯವರಿಂದ "ಸರಿ" ಅನ್ನಿಸಿಕೊಂಡೇ ಸೂಜಿ ಚುಚ್ಚೋದು. ಮೊದಮೊದಲು ನನಗೂ ಬೇಜಾರಾಗಿತ್ತು. ಊರಲ್ಲಿ ಅಷ್ಟು ವರ್ಷ ಕೆಲಸ ಮಾಡಿದವಳನ್ನು ಇವರು ನಂಬಲ್ಲವಾ ಅಂತ. ಈಗ ಅನಿಸುತ್ತೆ, ನಂಬಿಕೆ ಬೇರೆ, ಪರೀಕ್ಷಿಸಿ ನೋಡೋದು ಬೇರೆ.

ದೊಡ್ಡಮ್ಮನ ವಿಷಯದಲ್ಲಿ ಅಂಗಡಿಯವರು, ಡಾಕ್ಟರು, ನಾವು ಯಾರೂ ಕೆಟ್ಟವರಲ್ಲ. ಆದರೆ ಸಿರಿಂಜನ್ನೂ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ನಮ್ಮ ದೇಶದಲ್ಲೂ ಒಂದೇ ಅಳತೆಯ ಇನ್ಸುಲಿನ್ ಇರಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಓದು ಬಾರದ ಅಜ್ಜಿ ಕೈಗೆ ಎರಡು ಲೆಕ್ಕ ಕೊಟ್ಟು "ನೋಡಿಕೊಂಡು ತಗೊಳ್ಳಿ" ಅನ್ನೋದು ನ್ಯಾಯವಲ್ಲ.

ಅಲ್ಲಿಯವರೆಗೆ ಇಷ್ಟು ಮಾಡಿ. ಬಾಟಲಿ ಮೇಲೆ 40 ಅಂತಿದ್ದರೆ ಸಿರಿಂಜಿನ ಮೇಲೂ 40 ಇರಲಿ; 100 ಇದ್ದರೆ 100. ಬಾಟಲಿ ಮೇಲೆ 30/70 ಅಂತಲೂ ಇರಬಹುದು, ಅದು ಮಿಶ್ರಣದ ಲೆಕ್ಕ, ಅದನ್ನು ನೋಡಿ ಗೊಂದಲ ಆಗಬೇಡಿ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆದುಕೊಳ್ಳಲೇಬೇಡಿ. ಇದ್ದಕ್ಕಿದ್ದಂತೆ ಶುಗರ್ ಏರಿದರೆ ಡಾಕ್ಟರ ಹತ್ತಿರ ಬಾಟಲಿ, ಸಿರಿಂಜು ಎರಡೂ ಒಯ್ಯಿರಿ. ಇಷ್ಟು ದಿನ ತಪ್ಪು ಸಿರಿಂಜು ಬಳಸಿದ್ದೀರಿ ಅಂತ ಗೊತ್ತಾದರೆ, ಬದಲಾಯಿಸುವ ಮುಂಚೆ ಅವರಿಗೆ ಹೇಳಿ. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಸಂಶಯ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನನಗೆ ಫೋಟೊ ಕಳಿಸಿ. "ಅವಳು ನಿದ್ದೆಯಲ್ಲಿರ್ತಾಳೆ" ಅಂತ ಸಂಕೋಚ ಬೇಡ. ದೊಡ್ಡಮ್ಮ ಈಗ ಹೊಸ ಪ್ಯಾಕೆಟ್ ಬಂದಾಗೆಲ್ಲ ಕಳಿಸುತ್ತಾರೆ, ನಾನು "ಸರಿ" ಅಂದ ಮೇಲೇ ಒಡೆಯುತ್ತಾರೆ.